ಕಂತು ಕಟ್ಟುವ ಕೈ ಯಾರದು?

(ಹೋಬಳಿ ಮಟ್ಟದ ರೈತರ ಸಭೆಯೊಂದರಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದೆ.)



ಸಾಲ ಮಾಡಬೇಡಿ ಅಂತ ಹೇಳುವುದಕ್ಕೆ ನಾನು ಬಂದಿಲ್ಲ. ಆ ಉಪದೇಶವನ್ನು ಸಾಲವಿಲ್ಲದೆ ಬದುಕುವ ಅದೃಷ್ಟ ಇರುವವರು ನಿಮಗೆ ಬೇಕಾದಷ್ಟು ಕೊಟ್ಟಿದ್ದಾರೆ. ಸಾಲ ಕಟ್ಟಬೇಡಿ ಅಂತಲೂ ಇವತ್ತು ಹೇಳುತ್ತಿಲ್ಲ. ಇವತ್ತಿನ ವಿಷಯ ಸಣ್ಣದು. ನಿಮ್ಮ ಜೇಬಿನಲ್ಲಿ, ಕೆಲವರ ಮನೆಯಲ್ಲಿ ದೇವರ ಪಟದ ಹಿಂದೆ, ಒಂದು ಪ್ಲಾಸ್ಟಿಕ್ ಕಾರ್ಡು ಇದೆಯಲ್ಲ, ನಾವು ಎಟಿಎಂ ಕಾರ್ಡು ಅನ್ನುತ್ತೇವೆ, ಬ್ಯಾಂಕಿನವರು ಡೆಬಿಟ್ ಕಾರ್ಡು ಅನ್ನುತ್ತಾರೆ. ಆ ಕಾರ್ಡಿನಿಂದ ಕಂತು ಕಟ್ಟಿಸಿಕೊಳ್ಳುವಾಗ ಸಾಲ ಕೊಟ್ಟವನು ಯಾವ ಕಟ್ಟಳೆ ಪಾಲಿಸಬೇಕು ಅನ್ನುವುದಷ್ಟೇ ಇವತ್ತಿನ ಮಾತು. ಸಣ್ಣದು ಅಂದೆ. ಆದರೆ ಒಬ್ಬ ರೈತನ ಅರ್ಧ ಹಿಂಗಾರು ಬಿತ್ತನೆ ಇದರಲ್ಲೇ ಹೋಯಿತು. ಅಲ್ಲಿಂದಲೇ ಶುರುಮಾಡುತ್ತೇನೆ.

ಹಾವೇರಿ ಕಡೆಯ ರೈತ ಆತ. ಮೂರೂವರೆ ಎಕರೆ ಮಳೆಯಾಶ್ರಯದ ಹೊಲ. ಒಂದು ಫೈನಾನ್ಸ್ ಕಂಪನಿಯಿಂದ ಸಾಲ ತೆಗೆದು ಹಳೆಯ ಪವರ್ ಟಿಲ್ಲರ್ ಕೊಂಡಿದ್ದ. ಪ್ರತಿ ತಿಂಗಳು 5ನೇ ತಾರೀಖು 4,650 ರೂಪಾಯಿ ಕಂತು. 2025ರ ಸೆಪ್ಟೆಂಬರ್, ಅಕ್ಟೋಬರ್ ಎರಡು ಕಂತು ತಪ್ಪಿದವು. ಯಾಕೆ ತಪ್ಪಿದವು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆಳೆ ಹೊಲದಲ್ಲಿತ್ತು, ಕಂತು ಕ್ಯಾಲೆಂಡರಿನಲ್ಲಿತ್ತು. ನವೆಂಬರಿನಲ್ಲಿ ಮೊದಲ ಒಕ್ಕಣೆಯ 18 ಕ್ವಿಂಟಲ್ ಗೋವಿನಜೋಳ ಮಾರಿದ, ಕ್ವಿಂಟಲಿಗೆ 1,800ರಂತೆ. ಕೇಂದ್ರ ಸರಕಾರ ಆ ವರ್ಷಕ್ಕೆ ಸಾರಿದ ಬೆಂಬಲ ಬೆಲೆ 2,400. ಅದು ಸಾರಿದ್ದು, ಸಿಕ್ಕಿದ್ದಲ್ಲ. ವ್ಯಾಪಾರಿ 32,400 ರೂಪಾಯಿಯನ್ನು 4ನೇ ತಾರೀಖು ಸಂಜೆ ಆತನ ಖಾತೆಗೆ ಹಾಕಿದ. 6ನೇ ತಾರೀಖು ಕಡಲೆ ಬೀಜ, ಗೊಬ್ಬರ ತರೋಣ ಅಂತ ಪೇಟೆಗೆ ಹೋಗಿ ನೋಡಿದರೆ ಖಾತೆಯಲ್ಲಿ ಉಳಿದದ್ದು 16,950. ಮೂರು ಕಂತಿನ 13,950, ಎರಡು ಸಲ ಹಣ ಸಿಗಲಿಲ್ಲ ಅಂತ ಕಂಪನಿ ಹಾಕಿದ ‘ಬೌನ್ಸ್’ ದಂಡ 1,000, ಅದೇ ಕಾರಣಕ್ಕೆ ಬ್ಯಾಂಕು ಹಿಡಿದದ್ದು 500.

“ನನ್ನ ಕೇಳದ ಹೆಂಗ ತಗೊಂಡ್ರು ಅಣ್ಣಾರ?” ಅಂದ ನನ್ನ ಹತ್ತಿರ ಬಂದು.

ಇಲ್ಲಿ ಒಂದು ಲೆಕ್ಕ ಹಾಕಿ. ಬೆಂಬಲ ಬೆಲೆಗೂ ಆತನಿಗೆ ಸಿಕ್ಕ ಬೆಲೆಗೂ ಕ್ವಿಂಟಲಿಗೆ 600 ವ್ಯತ್ಯಾಸ. 18 ಕ್ವಿಂಟಲಿಗೆ 10,800. ತಪ್ಪಿದ ಎರಡು ಕಂತು 9,300, ಮೇಲಿನ ದಂಡ 1,500. ಕೂಡಿಸಿದರೆ ಅದೇ 10,800. ಆತ ಬಾಕಿದಾರನಾದದ್ದು ಎಷ್ಟಕ್ಕೋ, ಬೆಲೆಯಲ್ಲಿ ಆತನಿಂದ ಕಿತ್ತುಕೊಂಡದ್ದೂ ಅಷ್ಟೇ. ಆದರೆ ಬೆಲೆ ಕೊಡದವನ ಖಾತೆಗೆ ಕೈ ಹಾಕುವ ಮಿಶನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ.

“ಎಲ್ಲಾದರೂ ಸಹಿ ಹಾಕಿದ್ದೆಯೇನಪ್ಪಾ?” ಅಂತ ಕೇಳಿದೆ. ಇಲ್ಲ ಅಂದ. ಆತನ ಫೋನು ಇಸಿದುಕೊಂಡು ಹಿಂದಿನ ಸಂದೇಶ ಹುಡುಕಿದೆವು. ಸಾಲ ಕೊಟ್ಟ ದಿನದ್ದೇ ಇತ್ತು, ಇಂಗ್ಲಿಷಿನಲ್ಲಿ. ತಿಂಗಳಿಗೆ 25,000 ರೂಪಾಯಿಯ ತನಕ, ಸಾಲ ಮುಗಿಯುವವರೆಗೆ, ಈ ಖಾತೆಯಿಂದ ಕಂಪನಿ ಹಣ ತೆಗೆದುಕೊಳ್ಳಬಹುದು ಅಂತ ಆತನೇ ಒಪ್ಪಿದ್ದಾನೆ. ಹೇಗೆ ಒಪ್ಪಿದ? ಕಂಪನಿಯ ಹುಡುಗ ಕಾರ್ಡಿನ ನಂಬರು ಒತ್ತಿಕೊಂಡು, “ಓಟಿಪಿ ಬಂದಿರ್ತೈತಿ, ಹೇಳ್ರಿ” ಅಂದ. ಈತ ಖಾತೆ ಸರಿ ಇದೆಯೋ ಇಲ್ಲವೋ ಪರೀಕ್ಷೆ ಮಾಡುತ್ತಿದ್ದಾರೆ ಅಂದುಕೊಂಡು ಆರು ಅಂಕಿ ಓದಿದ. ನಮ್ಮ ಅಜ್ಜಂದಿರು ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದರು. ಮೊಮ್ಮಕ್ಕಳು ಓದು ಬರಹ ಕಲಿತು ಓಟಿಪಿ ಓದಿ ಹೇಳುತ್ತಿದ್ದೇವೆ.

1980ರ ದಶಕದಲ್ಲಿ ಬಾಕಿ ವಸೂಲಿಗೆ ಬಂದವರು ಮನೆಯ ಪಾತ್ರೆ ಪಗಡ, ಬಾಗಿಲು ಜಪ್ತಿ ಮಾಡುತ್ತಿದ್ದಾಗ, ಅಪ್ಪಣೆಯಿಲ್ಲದೆ ಅಧಿಕಾರಿಗಳು ಊರೊಳಗೆ ಕಾಲಿಡಬಾರದು ಅಂತ ಈ ರಾಜ್ಯದ ರೈತರು ಊರ ಮುಂದೆ ಬೋರ್ಡು ನೆಟ್ಟರು. ಈಗ ಬೋರ್ಡು ನೆಟ್ಟರೆ ಏನು ಬಂತು? ಊರೊಳಗೆ ಬರುವ ಅಗತ್ಯವೇ ಇಲ್ಲವಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ, ಬ್ರಿಟಿಷರ ಕಾಲದ್ದು, ಅದರ 60ನೇ ಕಲಂ ತೆಗೆದು ನೋಡಿ. ಕೋರ್ಟಿನಲ್ಲಿ ಡಿಕ್ರಿ ಆದರೂ ರೈತನ ಬೇಸಾಯದ ಉಪಕರಣ, ಜೀವನಕ್ಕೆ ಬೇಕಾದ ದನ, ಬಿತ್ತನೆ ಬೀಜ ಇವನ್ನು ಜಪ್ತಿ ಮಾಡುವಂತಿಲ್ಲ. ಕೂಲಿಯವನ ಕೂಲಿಯನ್ನೂ ಮುಟ್ಟುವಂತಿಲ್ಲ. ಬೀಜ ಚೀಲದಲ್ಲಿದ್ದರೆ ನ್ಯಾಯಾಧೀಶರೂ ಮುಟ್ಟುವಂತಿಲ್ಲ. ಅದೇ ಬೀಜ ಹಣದ ರೂಪದಲ್ಲಿ ಖಾತೆಯಲ್ಲಿದ್ದರೆ, ಒಂದು ಕಂಪನಿಯ ಕಂಪ್ಯೂಟರು ಬೆಳಗಾಗುವುದರೊಳಗೆ ಎತ್ತಿಕೊಳ್ಳುತ್ತದೆ. ಕಾನೂನಿನ ರಕ್ಷಣೆ ಜಪ್ತಿಗೆ. ಇದು ಜಪ್ತಿಯಲ್ಲ, ನೀವೇ ಕೊಟ್ಟ ಒಪ್ಪಿಗೆ ಅನ್ನುತ್ತಾರೆ.

ಆದ್ದರಿಂದ ಮೊದಲು ಇದನ್ನು ತಿಳಿಯಿರಿ. ಸಾಲದ ವಿಷಯದಲ್ಲಿ ನಿಮ್ಮ ಕಾರ್ಡು ಎರಡು ಬೇರೆ ಬೇರೆ ಕೆಲಸ ಮಾಡುತ್ತದೆ. ಒಂದು, ಕೌಂಟರಿನಲ್ಲೋ ಫೋನಿನಲ್ಲೋ ಇವತ್ತಿನ ಕಂತು ನೀವೇ ಕಟ್ಟುವುದು. ಕೈ ನಿಮ್ಮದು, ದಿನ ನಿಮ್ಮದು, ಮೊತ್ತ ನಿಮ್ಮದು. ಇನ್ನೊಂದು, ಮುಂದಿನ ಎಲ್ಲ ಕಂತನ್ನೂ ಅವರೇ ತೆಗೆದುಕೊಳ್ಳಲಿ ಅಂತ ಅಪ್ಪಣೆ ಕೊಡುವುದು. ಇದಕ್ಕೆ ಮ್ಯಾಂಡೇಟ್ ಅನ್ನುತ್ತಾರೆ. ಇಲ್ಲಿ ಕೈ ಅವರದು. ಎರಡಕ್ಕೂ ಅದೇ ಕಾರ್ಡು, ಅದೇ ಓಟಿಪಿ. ನಮ್ಮ ಜನ ಮುಗ್ಗರಿಸುವುದು ಇಲ್ಲೇ.

ಅಪ್ಪಣೆಯಲ್ಲೂ ಎರಡು ಬಗೆ. ಕಾರ್ಡಿನ ಮೇಲೇ ನಿಂತ ಅಪ್ಪಣೆಗೆ ರಿಜರ್ವ್ ಬ್ಯಾಂಕು 2019ರ ಆಗಸ್ಟಿನಲ್ಲಿ ನಿಯಮ ಮಾಡಿತು; ಅದು ಪೂರ್ತಿ ಜಾರಿಗೆ ಬಂದದ್ದು 2021ರ ಅಕ್ಟೋಬರ್ 1ಕ್ಕೆ. ಹಣ ತೆಗೆಯುವ ಕನಿಷ್ಠ 24 ಗಂಟೆ ಮೊದಲು ನಿಮಗೆ ಸಂದೇಶ ಬರಬೇಕು. ಆ ಒಂದು ಸಲದ ಮಟ್ಟಿಗೆ ಬೇಡ ಅನ್ನುವುದಕ್ಕೂ, ಅಪ್ಪಣೆಯನ್ನೇ ಹಿಂತೆಗೆದುಕೊಳ್ಳುವುದಕ್ಕೂ ನಿಮಗೆ ದಾರಿ ಇರಬೇಕು. ಈ ಸೌಕರ್ಯಕ್ಕೆ ನಿಮ್ಮಿಂದ ಶುಲ್ಕ ಹಿಡಿಯುವಂತಿಲ್ಲ. ಮೊತ್ತ ಒಂದು ಮಿತಿ ದಾಟಿದರೆ ಪ್ರತಿ ಸಲವೂ ಹೊಸದಾಗಿ ನಿಮ್ಮ ಒಪ್ಪಿಗೆ ಕೇಳಬೇಕು. ಆ ಮಿತಿಯನ್ನು 2022ರ ಜೂನ್‌ನಲ್ಲಿ 15,000ಕ್ಕೆ ಏರಿಸಿದರು.

ಇನ್ನೊಂದು ಬಗೆ ನ್ಯಾಚ್ ಅನ್ನುವ ದೇಶವ್ಯಾಪಿ ವಸೂಲಿ ವ್ಯವಸ್ಥೆಯ ಮೂಲಕ ನೇರವಾಗಿ ಖಾತೆಯ ಮೇಲೆ ನಿಲ್ಲುವ ಅಪ್ಪಣೆ. ಸಾಲದ ಕಂತಿಗೆ ಹೆಚ್ಚಾಗಿ ಇದನ್ನೇ ಬಳಸುತ್ತಾರೆ. ಇಲ್ಲಿ ಕಾರ್ಡು ಬರೀ ಸಾಕ್ಷಿಗೆ, ಈ ಖಾತೆ ಇವನದೇ ಅಂತ ಹೇಳುವುದಕ್ಕೆ. ಆಮೇಲೆ ನೀವು ಕಾರ್ಡನ್ನು ಬಾವಿಗೆ ಎಸೆದರೂ ಅಪ್ಪಣೆ ಉಳಿದಿರುತ್ತದೆ. ಟಿಲ್ಲರಿನ ರೈತ ಸಿಕ್ಕಿಬಿದ್ದದ್ದು ಇದರಲ್ಲಿ. ಆತ ಮೊದಲು ಮಾಡಿದ ಕೆಲಸ ಎಟಿಎಂ ಕಾರ್ಡು ಬಂದ್ ಮಾಡಿಸಿದ್ದು, ಪಾಪ! ಏನೂ ಉಪಯೋಗವಿಲ್ಲ. ಬಂದ್ ಮಾಡಿಸಬೇಕಾದದ್ದು ಅಪ್ಪಣೆಯನ್ನು, ಅದೂ ಬ್ಯಾಂಕಿಗೆ ಬರೆದು ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು. ಹಾಗೆ ರದ್ದು ಮಾಡಿಸಿದ ಮೇಲೂ ಹಣ ಹೋದರೆ ಹೊಣೆ ನಿಮ್ಮ ಬ್ಯಾಂಕಿನದೇ ಅಂತ 2019ರ ಸೆಪ್ಟೆಂಬರಿನ ಸುತ್ತೋಲೆ ಹೇಳಿದೆ. ಮರುದಿನದೊಳಗೆ ಸರಿಪಡಿಸಬೇಕು, ಇಲ್ಲವಾದರೆ ದಿನಕ್ಕೆ 100 ರೂಪಾಯಿ ನಿಮಗೇ ಕೊಡಬೇಕು.

ಇದನ್ನು ಕೇಳಿ ಯಾರೂ ನಾಳೆ ಬೆಳಿಗ್ಗೆಯೇ ಬ್ಯಾಂಕಿಗೆ ಓಡಬೇಡಿ. ಇನ್ನೊಂದು ಕಡೆಯನ್ನೂ ಹೇಳದೆ ಹೋದರೆ ನಿಮಗೆ ಮೋಸ ಮಾಡಿದಂತಾಗುತ್ತದೆ. ಅಪ್ಪಣೆ ರದ್ದಾದರೆ ಸಾಲ ರದ್ದಾಗುವುದಿಲ್ಲ. ಮೇಲಾಗಿ 2007ರ ಪಾವತಿ ವ್ಯವಸ್ಥೆ ಕಾಯಿದೆಯ 25ನೇ ಕಲಂ ಇದೆ. ಚೆಕ್ ಬೌನ್ಸ್ ಹೇಗೆ ಅಪರಾಧವೋ, ಖಾತೆಯಲ್ಲಿ ಹಣವಿಲ್ಲದೆ ಈ ಬಗೆಯ ಅಪ್ಪಣೆ ಸೋತರೆ ಅದೂ ಹಾಗೆಯೇ. ಎರಡು ವರ್ಷದವರೆಗೆ ಜೈಲು, ಇಲ್ಲವೇ ಮೊತ್ತದ ಎರಡರಷ್ಟರವರೆಗೆ ದಂಡ, ಇಲ್ಲವೇ ಎರಡೂ. ಅದಕ್ಕೂ ಕ್ರಮ ಇದೆ ಅನ್ನಿ. ಹಣ ಸಿಗಲಿಲ್ಲ ಅಂತ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಅವರು ನಿಮಗೆ ಲಿಖಿತ ನೋಟೀಸು ಕೊಡಬೇಕು, ನೋಟೀಸು ಮುಟ್ಟಿದ ಮೇಲೆ ಕಟ್ಟುವುದಕ್ಕೆ ನಿಮಗೆ 15 ದಿನ ಇರುತ್ತದೆ. ನೋಟೀಸು ಬಂದರೆ ಅಟ್ಟಕ್ಕೆ ಎಸೆಯಬೇಡಿ, ಆ 15 ದಿನವೇ ನಿಮ್ಮ ಉಸಿರು. ಒಂದು ಓಟಿಪಿ ಹೇಳುವಾಗ ಇಷ್ಟೆಲ್ಲ ಇದೆ ಅಂತ ಆ ಹುಡುಗ ಕನ್ನಡದಲ್ಲಿ ಒಂದು ಮಾತು ಹೇಳಿದನೇ? ಅವನಿಗೇ ಗೊತ್ತಿತ್ತೋ ಇಲ್ಲವೋ. ಅವನೂ ನಮ್ಮಂಥ ರೈತನ ಮಗನೇ, ತಿಂಗಳಿಗೆ ಇಷ್ಟು ಸಾಲ ಹಂಚಬೇಕು ಅನ್ನುವ ಗುರಿ ಹೊತ್ತು ಬೈಕು ಓಡಿಸುತ್ತಿರುವವನು.

ಹಾಗಾದರೆ ಏನು ಕೇಳಬೇಕು? ದಿನ ಕೇಳಬೇಕು. ಕಂತಿನ ದಿನ ಸುಗ್ಗಿಯ ಮೇಲೆ ಕೂರಬೇಕು. ಇದು ಭಿಕ್ಷೆಯಲ್ಲ. ಬೆಳೆ ಸಾಲ ಯಾವಾಗ ಕೆಟ್ಟ ಸಾಲವಾಗುತ್ತದೆ ಅಂತ ಬ್ಯಾಂಕುಗಳಿಗೆ ರಿಜರ್ವ್ ಬ್ಯಾಂಕು ಹೇಳಿಕೊಟ್ಟ ಲೆಕ್ಕ ನೋಡಿ. ಅಲ್ಪಾವಧಿ ಬೆಳೆಯಾದರೆ ಎರಡು ಹಂಗಾಮು, ದೀರ್ಘಾವಧಿ ಬೆಳೆಯಾದರೆ ಒಂದು ಹಂಗಾಮು ಬಾಕಿ ಉಳಿಯಬೇಕು. ತಿಂಗಳ ಲೆಕ್ಕವಲ್ಲ, ಹಂಗಾಮಿನ ಲೆಕ್ಕ. ಅಂದರೆ ರೈತನಿಗೆ ಸಂಬಳ ತಿಂಗಳಿಗೊಮ್ಮೆ ಬರುವುದಿಲ್ಲ ಅನ್ನುವುದು ಮುಂಬಯಿಯ ಆ ದೊಡ್ಡ ಕಟ್ಟಡದಲ್ಲಿ ಕೂತವರಿಗೂ ಗೊತ್ತು! ಕಿರುಸಾಲಕ್ಕೆ 2022ರ ಮಾರ್ಚಿನಲ್ಲಿ ಮಾಡಿದ ನಿರ್ದೇಶನದಲ್ಲಿ ಇನ್ನೂ ಸ್ಪಷ್ಟವಾಗಿದೆ. ಸಾಲಗಾರರ ಅಗತ್ಯಕ್ಕೆ ತಕ್ಕಂತೆ ಕಂತಿನ ಅವಧಿಯನ್ನು ಹೊಂದಿಸಿಕೊಡುವ ನೀತಿ ಪ್ರತಿ ಸಂಸ್ಥೆಗೂ ಇರಬೇಕು; ಮನೆಯ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ಮೀರಬಾರದು. ವಾರದ ಕಂತು ಹೊತ್ತ ತಾಯಂದಿರಲ್ಲಿ ಎಷ್ಟು ಜನರಿಗೆ ಈ ಮಾತು ಯಾರಾದರೂ ಓದಿ ಹೇಳಿದ್ದಾರೆ? ಕೈ ಎತ್ತಿ ಅಂದರೆ ಒಂದು ಕೈಯೂ ಏಳುವುದಿಲ್ಲ ಅಂತ ನನಗೆ ಗೊತ್ತು.

ದಿನ ಕೇಳುವ ಹೊತ್ತು ಯಾವುದು? ಓಟಿಪಿ ಹೇಳುವ ಮೊದಲು. ಸಾಲದ ಮುಖ್ಯ ವಿವರಗಳ ಪಟ್ಟಿಯೊಂದನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು ಅನ್ನುವ ನಿಯಮ 2024ರ ಅಕ್ಟೋಬರ್ 1ರಿಂದ ಇಂಥ ಎಲ್ಲ ಸಾಲಕ್ಕೂ ಇದೆ. ಅದರಲ್ಲಿ ಬರೆಯದ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆಯಿಲ್ಲದೆ ನಡುವೆ ಹಾಕುವಂತಿಲ್ಲ. ಆ ಕಾಗದ ಕೈಗೆ ಬಾರದೆ ಆರು ಅಂಕಿಯಲ್ಲಿ ಒಂದನ್ನೂ ಹೇಳಬೇಡಿ. ಅಪ್ಪಣೆಯ ಮೊತ್ತದ ಕಾಲಂ ನೋಡಿ. ಕಂತು 4,650 ಇರುವಾಗ 25,000 ಯಾಕೆ? ಅಷ್ಟು ಬರೆಸಿಕೊಂಡದ್ದರಿಂದಲೇ ಮೂರು ಕಂತು ಒಂದೇ ರಾತ್ರಿ ಹೋದದ್ದು. ದಂಡದ ಮಾತೂ ಅದೇ ಕಾಗದದಲ್ಲಿರಬೇಕು. ತಪ್ಪಿದ ಕಂತಿಗೆ ಹಾಕುವ ದಂಡವನ್ನು ಬಡ್ಡಿಯ ರೂಪದಲ್ಲಿ ಸೇರಿಸುವಂತಿಲ್ಲ, ಅದರ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ ಅಂತ 2023ರ ಆಗಸ್ಟಿನ ಸುತ್ತೋಲೆ ಹೇಳಿ, 2024ರಲ್ಲಿ ಅದು ಜಾರಿಗೂ ಬಂದಿದೆ.

ಇನ್ನು ಕೌಂಟರಿನಲ್ಲಿ ಕಾರ್ಡು ಉಜ್ಜುವ ವಿಷಯ. ಕಾರ್ಡಿನಲ್ಲಿ ಕಟ್ಟಿದರೆ ಮೇಲೆ ನೂರಕ್ಕೆ ಎರಡು ರೂಪಾಯಿ ಕೊಡಿ ಅನ್ನುವವರು ಇದ್ದಾರೆ. ಡೆಬಿಟ್ ಕಾರ್ಡಿನ ವ್ಯವಹಾರಕ್ಕೆ ಬ್ಯಾಂಕು ಅಂಗಡಿಯವನಿಂದ ಹಿಡಿಯುವ ಶುಲ್ಕವನ್ನು ಗಿರಾಕಿಯ ತಲೆಗೆ ಕಟ್ಟಬಾರದು ಅಂತ 2017ರ ಡಿಸೆಂಬರಿನಲ್ಲೇ ರಿಜರ್ವ್ ಬ್ಯಾಂಕು ಹೇಳಿದೆ. ರುಪೇ ಡೆಬಿಟ್ ಕಾರ್ಡಿಗಂತೂ 2020ರ ಜನವರಿ 1ರಿಂದ ಆ ಶುಲ್ಕವೇ ಇಲ್ಲ, ಸೊನ್ನೆ. ನಮ್ಮಲ್ಲಿ ಹೆಚ್ಚಿನವರ ಹತ್ತಿರ ಇರುವುದು ಅದೇ ಕಾರ್ಡು. ಇಲ್ಲದ ಶುಲ್ಕವನ್ನು ನಿಮ್ಮಿಂದ ಕೇಳಿದರೆ, ರಸೀದಿಯಲ್ಲಿ ಬರೆದು ಕೊಡಿ ಅನ್ನಿ. ಬಹುಮಟ್ಟಿಗೆ ಅಲ್ಲಿಗೇ ಮುಗಿಯುತ್ತದೆ.

ಒಬ್ಬ ತಾಯಿ 2,000 ರೂಪಾಯಿ ಕಂತಿಗೆ ಕಾರ್ಡು ಉಜ್ಜಿದರು. ಮಿಶನ್ನು ‘ಫೇಲ್’ ಅಂತು, ಆದರೆ ಖಾತೆಯಿಂದ ಹಣ ಹೋಗಿತ್ತು. “ಅದು ನಮಗೆ ಬಂದಿಲ್ಲಮ್ಮ, ಕ್ಯಾಶ್ ಕೊಡಿ” ಅಂದರು. ಸಂಘದ ಉಳಿದ ಹೆಂಗಸರು ಕಾಯುತ್ತಾ ಕೂತಿದ್ದಾರೆ, ಒಬ್ಬರು ಕಟ್ಟದಿದ್ದರೆ ಯಾರನ್ನೂ ಬಿಡುವುದಿಲ್ಲ. ಪಕ್ಕದವರ ಹತ್ತಿರ ಕೈಗಡ ತಂದು ಎರಡನೇ ಸಲ ಕಟ್ಟಿದರು. ಹೀಗೆ ಮಿಶನ್ನಿನಲ್ಲಿ ಸಿಕ್ಕಿಕೊಂಡ ಹಣ 5 ದಿನದೊಳಗೆ ತಾನಾಗಿಯೇ ಖಾತೆಗೆ ವಾಪಸ್ಸಾಗಬೇಕು. ತಡವಾದರೆ ಇಲ್ಲೂ ದಿನಕ್ಕೆ 100 ರೂಪಾಯಿ, ಕೇಳದೆಯೇ ಕೊಡಬೇಕು. ಆ ತಾಯಿಗೆ ಹಣ ವಾಪಸ್ ಬಂದದ್ದು 19ನೇ ದಿನ. 14 ದಿನದ 1,400 ರೂಪಾಯಿ ಬರಲಿಲ್ಲ. ಕೇಳಬಹುದು ಅಂತಲೇ ಅವರಿಗೆ ಗೊತ್ತಿರಲಿಲ್ಲ. ಈಗ ಅರ್ಜಿ ಹಾಕಿಸಿದ್ದೇವೆ.

ಇದೇ ಕಾರಣಕ್ಕೆ ಸೊಸೈಟಿಯ, ಕಿಸಾನ್ ಕಾರ್ಡಿನ ಬೆಳೆ ಸಾಲವನ್ನು ಕಡೇ ದಿನ ಕಾರ್ಡಿನಲ್ಲೋ ಫೋನಿನಲ್ಲೋ ಕಟ್ಟಬೇಡಿ. 3 ಲಕ್ಷದವರೆಗಿನ ಕಿಸಾನ್ ಕಾರ್ಡ್ ಬೆಳೆ ಸಾಲಕ್ಕೆ 7 ಪರ್ಸೆಂಟ್ ಬಡ್ಡಿ. ಸಕಾಲಕ್ಕೆ ಕಟ್ಟಿದರೆ 3 ಬಿಟ್ಟು 4. ವರ್ಷದ ಮೇಲೆ 3 ಲಕ್ಷಕ್ಕೆ ಅದು 9,000 ರೂಪಾಯಿ. ಮಿಶನ್ನು ಸಿಕ್ಕಿಕೊಂಡಿತ್ತು ಅಂತ ಆಮೇಲೆ ಹೇಳಿದರೆ ಕಂಪ್ಯೂಟರಿಗೆ ಕಿವಿ ಇರುವುದಿಲ್ಲ. ವಾರ ಮೊದಲು ಕಟ್ಟಿ, ಚೀಟಿ ಇಟ್ಟುಕೊಳ್ಳಿ. ಆ ಚೀಟಿಯ ಅಕ್ಷರ ಬಿಸಿಲಿಗೆ ಹಾರಿಹೋಗುತ್ತದೆ, ಒಂದು ಜೆರಾಕ್ಸ್ ಮಾಡಿಸಿ.

ಹಣ ಯಾರ ಖಾತೆಗೆ ಹೋಗುತ್ತದೆ ಅಂತ ನೋಡಿ ಕಟ್ಟಿ. ಫೋನಿನ ಆಪ್‌ಗಳ ಮೂಲಕ ಕೊಡುವ ಸಾಲದಲ್ಲಿ ಕಂತು ನೇರವಾಗಿ ಸಾಲ ಕೊಟ್ಟ ಸಂಸ್ಥೆಯ ಖಾತೆಗೇ ಹೋಗಬೇಕು, ನಡುವಿನ ಯಾವ ದಲ್ಲಾಳಿಯ ಖಾತೆಯನ್ನೂ ಹಾದುಹೋಗಬಾರದು ಅಂತ 2022ರ ಸೆಪ್ಟೆಂಬರಿನಲ್ಲಿ ಹೇಳಿದರು, 2025ರ ಮೇ ತಿಂಗಳ ನಿರ್ದೇಶನದಲ್ಲಿ ಮತ್ತೆ ಹೇಳಿದರು. ವಸೂಲಿಗೆ ಬಂದವನು ತನ್ನ ಸ್ವಂತ ಫೋನು ಚಾಚಿ “ಇದಕ್ಕೆ ಹಾಕಿ, ನಾನು ಕಟ್ಟುತ್ತೇನೆ” ಅಂದರೆ, ಹಾಕಬೇಡಿ.

ಕಾರ್ಡನ್ನೇ ಒತ್ತೆ ಇಟ್ಟುಕೊಳ್ಳುವವರ ಮಾತು ಬಿಟ್ಟಿದ್ದೆ. ಕೈಸಾಲ ಕೊಟ್ಟು ಎಟಿಎಂ ಕಾರ್ಡು, ಪಿನ್ ಎರಡನ್ನೂ ಇಸಿದುಕೊಂಡು, ಗೃಹಲಕ್ಷ್ಮಿಯ 2,000, ಪಿಎಂ ಕಿಸಾನ್ ಹಣ, ಉದ್ಯೋಗ ಖಾತ್ರಿಯ ಕೂಲಿ ಬಿದ್ದ ದಿನವೇ ತೆಗೆದುಕೊಳ್ಳುವವರಿದ್ದಾರೆ. ಇದಕ್ಕೆ ಯಾವ ನಿಯಮವೂ ಆಧಾರವಿಲ್ಲ. ನೀವೇ ಪಿನ್ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವ ತನಕ ಹೋದ ಹಣದ ನಷ್ಟ ನಿಮ್ಮದೇ ಅನ್ನುವುದು 2017ರ ನಿಯಮ. ಹಾಗಾಗಿ ಕಾರ್ಡು ವಾಪಸ್ ಕೇಳುತ್ತಾ ಕೂರಬೇಡಿ. ಬ್ಯಾಂಕಿಗೆ ಹೋಗಿ ಹಳೆಯದನ್ನು ನಿಲ್ಲಿಸಿ ಹೊಸದು ಕೇಳಿ. ಬೆದರಿಸಿದರೆ, ಕಿರುಸಾಲದ ಬಲವಂತದ ವಸೂಲಿ ತಡೆಯಲು ನಮ್ಮ ರಾಜ್ಯ 2025ರಲ್ಲಿ ಮಾಡಿದ ಕಾನೂನಿದೆ. ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಪೊಲೀಸ್ ಠಾಣೆಗೆ ಒಬ್ಬರೇ ಹೋಗಬೇಡಿ, ಹತ್ತು ಜನ ಹೋಗೋಣ.

ಬ್ಯಾಂಕು, ಫೈನಾನ್ಸ್ ಕಂಪನಿಗಳ ಮೇಲಿನ ದೂರನ್ನು ಮೊದಲು ಅವರಿಗೇ ಲಿಖಿತವಾಗಿ ಕೊಡಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸರಿಯಿಲ್ಲದಿದ್ದರೆ, ತಡಮಾಡದೆ ರಿಜರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಿರಿ. ಖರ್ಚಿಲ್ಲ, ವಕೀಲರು ಬೇಡ. 14448ಕ್ಕೆ ಫೋನು ಮಾಡಿದರೆ ದಾರಿ ಹೇಳುತ್ತಾರೆ. ಹಳ್ಳಿಯ ಸೊಸೈಟಿ ಇದರೊಳಗೆ ಬರುವುದಿಲ್ಲ. ಅದರ ದೂರು ಸಹಕಾರ ಇಲಾಖೆಗೆ.

ಟಿಲ್ಲರಿನ ರೈತ ಕಂಪನಿಗೆ ಎರಡು ಪುಟದ ಪತ್ರ ಕೊಟ್ಟ, ಕನ್ನಡದಲ್ಲೇ. ವರ್ಷದ ಹನ್ನೆರಡು ಕಂತಿನ ಮೊತ್ತವನ್ನು ಡಿಸೆಂಬರ್ ಮತ್ತು ಏಪ್ರಿಲ್, ಎರಡು ಸಲಕ್ಕೆ ಹಂಚಿಕೊಡಿ, ಅಪ್ಪಣೆಯ ಮೊತ್ತವನ್ನು ಅಷ್ಟಕ್ಕೇ ಮಿತಿಗೊಳಿಸಿ, ದಂಡದ 1,000 ರೂಪಾಯಿ ಯಾವ ಕಾಗದದ ಪ್ರಕಾರ ಹಿಡಿದಿರಿ ತೋರಿಸಿ ಅಂತ. ದಂಡ ವಾಪಸ್ ಬಂತು. ದಿನ ಬದಲಾಗಿಲ್ಲ; ‘ಮೇಲಿನವರಿಗೆ ಕಳಿಸಿದ್ದೇವೆ’ ಅಂದಿದ್ದಾರೆ. ಕಡಲೆಯನ್ನು ಅರ್ಧ ಹೊಲಕ್ಕಷ್ಟೇ ಬಿತ್ತಿದ. ಉಳಿದರ್ಧ ಬೀಳು ಬಿದ್ದಿದೆ, ದಾರಿಯ ಪಕ್ಕದಲ್ಲೇ ಇದೆ, ನೋಡಬಹುದು.

ಮುಂದಿನ ಸಂತೆಯ ದಿನ ಇದೇ ಜಾಗದಲ್ಲಿ ಬೆಳಿಗ್ಗೆ ಹತ್ತಕ್ಕೆ ಕೂರುತ್ತೇವೆ. ಪಾಸ್‌ಬುಕ್ಕು, ಸಾಲದ ಕಾಗದ, ಫೋನು ತನ್ನಿ. ಯಾರ ಖಾತೆಯ ಮೇಲೆ ಯಾರ ಅಪ್ಪಣೆ, ಎಷ್ಟು ಮೊತ್ತಕ್ಕೆ, ಯಾವ ತಾರೀಖಿಗೆ ಇದೆ ಅಂತ ಒಂದೊಂದಾಗಿ ಬರೆದುಕೊಳ್ಳೋಣ. ಒಂದೇ ಕಂಪನಿಯವರ ಪತ್ರಗಳನ್ನೆಲ್ಲ ಒಟ್ಟಿಗೆ ಕೊಡೋಣ. ಕಾರ್ಡು ಮನೆಯಲ್ಲೇ ಇರಲಿ. ಪಿನ್ ನಂಬರನ್ನು ನನಗೂ ಹೇಳಬೇಡಿ.